ಮಗುಚಿದ ಕಟರ್, ಬೆಲ್ಟ್ ಮೇಜು, ರೆಡಿಮೇಡ್ ಟೇಬಲ್ ಸಾ: ಮರ ಸೀಳಲು ಯಾವುದನ್ನು ನಂಬಬಹುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೈವಿಂಗ್ ನೈಫ್ ಇರುವ 10 ಇಂಚಿನ ರೆಡಿಮೇಡ್ ಟೇಬಲ್ ಸಾಗೆ (ಮೇಜಿನ ಸಂದಿಯಿಂದ ದುಂಡು ಬ್ಲೇಡು ಮೇಲೆದ್ದಿರುವ ಗರಗಸ). ಮೈಸೂರು, ಮಂಡ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಮೂರು ಬಗೆ ಕಾಣುತ್ತವೆ: ಪ್ಲೈವುಡ್ ಹಲಗೆಯ ಕೆಳಗೆ ಮಗುಚಿ ಬಿಗಿದ ಕಟರ್, ಮೋಟರ್ ಬೆಲ್ಟಿನ ಮೂಲಕ ಬ್ಲೇಡು ತಿರುಗಿಸುವ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಬೆಲ್ಟ್ ಮೇಜು, ಮತ್ತೆ ಈ ರೆಡಿಮೇಡ್. ಮೂರರಲ್ಲೂ ಹೆಬ್ಬೇವು, ಸಿಲ್ವರ್ ಓಕ್, ತೇಗ, ನೀಲಗಿರಿ ಸೀಳಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ವಾಟ್, ಎಚ್‌ಪಿ ಎಲ್ಲ ಡಬ್ಬಿಯ ಮೇಲೇ ಇರುತ್ತವೆ, ಅವು ಇಲ್ಲಿ ಬೇಡ.

ರೈವಿಂಗ್ ನೈಫ್ ಅಂದರೆ ಬ್ಲೇಡಿನ ಬೆನ್ನಿಗೆ ನಿಲ್ಲುವ ಉಕ್ಕಿನ ತಗಡು. ನೀಲಗಿರಿಯಂಥ ಮರದಲ್ಲಿ ಬೆಳೆಯುವಾಗಲೇ ಬಿಗುವು ಕೂತಿರುತ್ತದೆ. ಸೀಳುತ್ತಾ ಹೋದ ಹಾಗೆ ಎರಡು ಹೋಳುಗಳು ಹೊರಕ್ಕೆ ಬಾಗಬಹುದು, ಇಲ್ಲವೇ ಒಂದಕ್ಕೊಂದು ಮುಚ್ಚಿಕೊಳ್ಳಬಹುದು. ಮುಚ್ಚಿಕೊಂಡರೆ ಬ್ಲೇಡಿನ ಹಿಂಭಾಗದ ಹಲ್ಲುಗಳು ಮರವನ್ನು ಕಚ್ಚುತ್ತವೆ. ಅಲ್ಲಿ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತಿರುವುದರಿಂದ ಮರ ಎದ್ದು, ಎದುರು ನಿಂತವರ ಹೊಟ್ಟೆಗೇ ಬಂದು ಬಡಿಯುತ್ತದೆ. 254 ಮಿ.ಮೀ. ಬ್ಲೇಡು ನಿಮಿಷಕ್ಕೆ 4,800 ಸುತ್ತು ಹೊಡೆದರೆ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿ.ಮೀ. ಎಷ್ಟೇ ಬಿಗಿಯಾಗಿ ಹಿಡಿದರೂ ಕೈ ಅದನ್ನು ತಡೆಯಲಾರದು. ಮರ ಜಾರಿದ ರಭಸಕ್ಕೆ ಕೈಯೇ ಬ್ಲೇಡಿನತ್ತ ಹೋಗುವ ಅಪಾಯವೂ ಇದೆ. ಸೀಳಿದ ಸಂದಿಯೊಳಗೆ ನಿಂತು, ಹೋಳುಗಳು ಮುಚ್ಚಿಕೊಳ್ಳದಂತೆ ಇದನ್ನು ತಡೆಯುವುದು ಆ ತಗಡು.

ಮಗುಚಿದ ಕಟರ್‌ನಲ್ಲಿ ಅದಿಲ್ಲ. ನೆಲದ ಕಲ್ಲು ಕೊಯ್ಯುವ 4 ಇಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿ ತಲೆಕೆಳಗು ಮಾಡುವುದಂತೂ ಮೂರರಲ್ಲೂ ಕೆಟ್ಟದ್ದು. ಅದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಅದಕ್ಕಿಂತ ಕಡಿಮೆ ಇದ್ದರೆ ಹಲ್ಲಿನ ಕಾರ್ಬೈಡ್ ತುಣುಕು ಸಿಡಿಯಬಹುದು. ಗಾರ್ಡನ್ನು ತೆಗೆದಿರುತ್ತಾರೆ, ಸ್ವಿಚ್ಚನ್ನು ಒತ್ತಿ ತಂತಿ ಕಟ್ಟಿರುತ್ತಾರೆ. ಕೆಲಸದ ನಡುವೆ ಕರೆಂಟ್ ಹೋಯಿತು ಅನ್ನಿ. ಬ್ಲೇಡಿನ ಪಕ್ಕ ಸಿಕ್ಕಿಕೊಂಡ ಚಕ್ಕೆ ತೆಗೆಯಲು ಕೈ ಹಾಕಿದಾಗಲೇ ವಿದ್ಯುತ್ ಕಂಪನಿಯಾದ ಸೆಸ್ಕ್‌ ಲೈನು ಮರಳಿ ಬಂದರೆ ಕಟರ್ ತಾನಾಗಿ ತಿರುಗುತ್ತದೆ. ಅಗ್ಗ ಅನ್ನುವುದೊಂದೇ ಅದರ ಗುಣ.

ಬೆಲ್ಟ್ ಮೇಜಿಗೆ ನನ್ನಲ್ಲಿ ಗೌರವವಿದೆ. ಭಾರವಾಗಿ ಕೂರುತ್ತದೆ, ಅದುರುವುದಿಲ್ಲ, ಇಂಡಕ್ಷನ್ ಮೋಟರಿನ ಸದ್ದೂ ಕಡಿಮೆ. ಬ್ಲೇಡು ಒಂದೇ ಕಡೆ ನಿಂತು ಮೇಜೇ ಏರಿಳಿಯುವ ವಿನ್ಯಾಸವಾದರೆ ರೈವಿಂಗ್ ನೈಫನ್ನೂ ಮಾಡಿಸಬಹುದು: ಸರಿಯಾದ ದಪ್ಪದ ಹಳೇ ಗರಗಸದ ತಗಡನ್ನು ಬ್ಲೇಡಿನ ಸುತ್ತಿಗೆ ಹೊಂದುವಂತೆ ಕೊಯ್ದು, ಬೇರಿಂಗ್ ಕೂತಿರುವ ಫ್ರೇಮಿಗೇ ಬೋಲ್ಟ್ ಹಾಕಿಸಿ. ಮೇಜಿಗೆ ಹಾಕಿಸಿದರೆ ಮೇಜು ಎತ್ತಿದಾಗಲೆಲ್ಲ ಬ್ಲೇಡಿಗೂ ತಗಡಿಗೂ ಇರುವ ಅಂತರ ಬದಲಾಗುತ್ತದೆ. ಪುಲ್ಲಿಗೆ ತಗಡಿನ ಕವರ್ ಕಡ್ಡಾಯ. ಸ್ವಿಚ್ ಜಾಗಕ್ಕೆ ಪಂಪ್‌ಸೆಟ್ಟಿನ ಡಿಒಎಲ್ ಸ್ಟಾರ್ಟರ್ ಹಾಕಿಸಿದರೆ ಕರೆಂಟ್ ಹೋದಾಗ ಒಳಗಿನ ಕಾಯಿಲ್ ಸಂಪರ್ಕವನ್ನು ಬಿಟ್ಟುಬಿಡುತ್ತದೆ, ಹಸಿರು ಬಟನ್ ಒತ್ತುವವರೆಗೆ ಮೋಟರ್ ತಿರುಗದು. ಮಂಡ್ಯದ ಕಡೆ ಗದ್ದೆ ಪಂಪಿಗೆ ಹಾಕುವ ಆಟೋ ಸ್ಟಾರ್ಟರನ್ನು ಮಾತ್ರ ಇದರ ಹತ್ತಿರಕ್ಕೂ ತರಬೇಡಿ. ಕರೆಂಟ್ ಬಂದ ಕೂಡಲೇ ಚಾಲೂ ಮಾಡುವುದೇ ಅದರ ಕೆಲಸ. ತ್ರೀ ಫೇಸ್ ಇದ್ದರೆ ಇನ್ನೊಂದು ಮಾತು: ಲೈನ್ ರಿಪೇರಿಯಲ್ಲಿ ಫೇಸ್ ಅದಲುಬದಲಾದರೆ ಬ್ಲೇಡು ಉಲ್ಟಾ ತಿರುಗುತ್ತದೆ. ಮರ ಇಡುವ ಮೊದಲು ಮುಂಭಾಗದ ಹಲ್ಲು ಕೆಳಕ್ಕೆ ಇಳಿಯುತ್ತಿದೆಯೇ ನೋಡಿ.

ರೆಡಿಮೇಡ್‌ನಲ್ಲಿ ನೈಫ್ ಬ್ಲೇಡಿನ ಜೊತೆಗೇ ಏರಿಳಿಯುತ್ತದೆ. ಸದ್ದು ಜಾಸ್ತಿ, ಮೇಜು ಚಿಕ್ಕದು. ಆದರೆ ನಿಜವಾದ ಕಾಟ ಬೇರೆಯೇ, ಅದು ಬ್ಲೇಡು ಬದಲಾಯಿಸುವ ದಿನ ಶುರುವಾಗುತ್ತದೆ.

ಅಂಗಡಿಯಲ್ಲಿ "10 ಇಂಚು ಕೊಡಿ" ಅಂದರೆ ಯಾವುದೋ ಒಂದು ಬರುತ್ತದೆ. ನೋಡಬೇಕಾದ ದಪ್ಪ ಮೂರು: ಬ್ಲೇಡಿನ ತಟ್ಟೆ, ಹಲ್ಲಿನ ಅಗಲ, ನೈಫ್. ನೈಫು ತಟ್ಟೆಗಿಂತ ದಪ್ಪ, ಹಲ್ಲಿಗಿಂತ ತೆಳು ಇರಬೇಕು. ನೈಫ್ 2.3 ಮಿ.ಮೀ. ಇದ್ದರೆ, 1.8ರ ತಟ್ಟೆ ಮತ್ತು 2.8ರ ಹಲ್ಲು ಸರಿಹೊಂದುತ್ತವೆ. ಹಲ್ಲು 2.0 ಇರುವ ತೆಳು ಬ್ಲೇಡು ಹಾಕಿದರೆ ಅದು ಬಿಡಿಸಿದ ಸಂದಿಗೆ ನೈಫ್ ತೂರುವುದೇ ಇಲ್ಲ, ಮರ ಅದಕ್ಕೆ ತಾಗಿ ನಿಂತುಬಿಡುತ್ತದೆ. ತಿರುಗುವ ಬ್ಲೇಡಿನ ಎದುರು ಜೋರಾಗಿ ದೂಡುವ ಕೆಟ್ಟ ಗಳಿಗೆ ಅದೇ. ಆಮೇಲೆ ಎಲ್ಲರೂ ಮಾಡುವುದೊಂದೇ: ನೈಫ್ ಬಿಚ್ಚಿ ಡ್ರಾಯರಿಗೆ ಹಾಕುವುದು. ಅಲ್ಲಿಗೆ ಕೊಟ್ಟ ಹಣವೆಲ್ಲ ವ್ಯರ್ಥ, ಮೇಜು ಮಗುಚಿದ ಕಟರ್‌ನ ಮಟ್ಟಕ್ಕೆ ಇಳಿಯಿತು.

ತಟ್ಟೆಯೇ ನೈಫಿಗಿಂತ ದಪ್ಪವಿದ್ದರೆ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಮರ ಸಲೀಸಾಗಿ ಹೋಗುತ್ತದೆ, ಆದರೆ ಮುಚ್ಚಿಕೊಳ್ಳುವ ಹೋಳುಗಳು ನೈಫಿಗೆ ಮೊದಲು ಬ್ಲೇಡನ್ನೇ ಹಿಡಿಯುತ್ತವೆ. 10ರ ಜಾಗಕ್ಕೆ 9 ಇಂಚಿನದು ಹಾಕಿದರೆ ಹಿಂದಿನ ಅಂತರ 12 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಅದು 3ರಿಂದ 8ರ ಒಳಗೆ ಇರಬೇಕು. ತೂತಿನ ಅಳತೆಯೂ ನೋಡಿ. 30 ಮಿ.ಮೀ. ತೂತನ್ನು 25.4ಕ್ಕೆ ಇಳಿಸುವ ರಿಂಗ್ ತಟ್ಟೆಗಿಂತ ದಪ್ಪವಿದ್ದರೆ ಬ್ಲೇಡನ್ನು ಬಿಗಿ ಹಿಡಿಯಬೇಕಾದ ಬಿಲ್ಲೆ, ಅಂದರೆ ಫ್ಲ್ಯಾಂಜ್, ಹಿಡಿಯುವುದು ರಿಂಗನ್ನು, ಬ್ಲೇಡನ್ನಲ್ಲ. ಹಾಗಾಗಿ ಜೇಬಿನಲ್ಲಿ ದಪ್ಪ ಅಳೆಯುವ ವರ್ನಿಯರ್ ಇಟ್ಟುಕೊಂಡೇ ಅಂಗಡಿಗೆ ಹೋಗಿ. ನೈಫಿನ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ.

ಫೆನ್ಸ್, ಅಂದರೆ ಮರವನ್ನು ಒರಗಿಸಿ ದೂಡುವ ಉದ್ದ ಪಟ್ಟಿ, ಮೂರರಲ್ಲೂ ಪರೀಕ್ಷಿಸಬೇಕಾದದ್ದು. ಪ್ಲಗ್ ಕಿತ್ತು, ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ, ಅದೇ ಹಲ್ಲಿನಿಂದ ಫೆನ್ಸಿಗೆ ಮುಂದೆ ಅಳೆಯಿರಿ, ಕೈಯಲ್ಲಿ ತಿರುಗಿಸಿ ಹಿಂದೆಯೂ ಅಳೆಯಿರಿ. ಎರಡೂ ಸಮ ಇರಬೇಕು. ಹಿಂದೆ ಒಂದು ನೋಟ್‌ಬುಕ್ ಹಾಳೆಯಷ್ಟು ಹೆಚ್ಚಿದ್ದರೂ ಪರವಾಗಿಲ್ಲ, ಕಡಿಮೆ ಮಾತ್ರ ಇರಕೂಡದು. ಮಗುಚಿದ ಕಟರ್‌ನಲ್ಲಿ ಫೆನ್ಸ್ ಆಗಿ ಬಳಸುವ ಮರದ ಪಟ್ಟಿ ರೀಪರ್‌ಗೆ ಎರಡು ಕ್ಲ್ಯಾಂಪ್ ಹಾಕಿ ಮುಂದೆ ಮಾತ್ರ ಟೇಪು ಹಿಡಿಯುವುದರಿಂದ ಹಿಂದೆ ಒಳಕ್ಕೆ ವಾಲಿ ಮರ ಕಚ್ಚುತ್ತದೆ.

ಉಳಿದದ್ದು ಯಾವ ಮೇಜಿಗೂ ಒಂದೇ. ಬ್ಲೇಡು ಮರಕ್ಕಿಂತ 3ರಿಂದ 6 ಮಿ.ಮೀ. ಮೇಲಿದ್ದರೆ ಸಾಕು. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಬ್ಲೇಡಿಗೂ ಫೆನ್ಸಿಗೂ ನಡುವೆ 150 ಮಿ.ಮೀ.ಗಿಂತ ಕಡಿಮೆ ಜಾಗವಿದ್ದರೆ ಕೈ ಬೇಡ, ಮರ ದೂಡುವ ಕೋಲು, ಅಂದರೆ ಪುಶ್ ಸ್ಟಿಕ್ ಹಿಡಿಯಿರಿ. ಅಡ್ಡ ಕೊಯ್ಯುವಾಗ ಮೈಟರ್ ಗೇಜ್ (ಮರವನ್ನು ಕೋನಕ್ಕೆ ಹಿಡಿದು ದೂಡುವ ಸಾಧನ) ಮತ್ತು ಫೆನ್ಸ್ ಎರಡನ್ನೂ ಒಟ್ಟಿಗೆ ಬಳಸಬೇಡಿ. ಗ್ಲೌಸ್, ಜೋಲು ತೋಳು, ಕೈಗೆ ಕಟ್ಟಿದ ದಾರ ಯಾವುದೂ ಬೇಡ. ಬೀಟೆಯ ಪುಡಿ ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತದೆ, ಮಾಸ್ಕ್ ಹಾಕಿ. ಕುಸುರಿ ಕೆಲಸದ ಬೆರಳುದ್ದದ ತುಂಡುಗಳಿಗೆ ಪಟ್ಟಿಯಂಥ ಬ್ಲೇಡಿನ ಬ್ಯಾಂಡ್ ಸಾ ವಾಸಿ.

ಬೆರಳು ತಾಗಿದರೆ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲಿಸುವ ಅಮೆರಿಕದ ಸಾಸ್ಟಾಪ್ ನನ್ನ ಬಜೆಟ್‌ಗೆ ದೂರ. ಮರ ಹಿಂದಕ್ಕೆ ಹೊಡೆಯುವುದನ್ನು ತಡೆಯಲು ಅದರಲ್ಲೂ ರೈವಿಂಗ್ ನೈಫೇ ಬೇಕು.

ನನ್ನ ಕೆಲಸ ಹೆಚ್ಚಾಗಿ 2 ಇಂಚಿನೊಳಗಿನ ಹಲಗೆ ಸೀಳುವುದು, ಮನೆಗೆ ಸಿಂಗಲ್ ಫೇಸ್, ಖರ್ಚಿನ ಮಿತಿ 40,000 ರೂಪಾಯಿಯ ಆಸುಪಾಸು. ಅದಕ್ಕೇ ರೆಡಿಮೇಡ್. ತ್ರೀ ಫೇಸ್, ಜಾಗ, ದಿನವಿಡೀ ಕೆಲಸ ಇರುವವರು ಬೆಲ್ಟ್ ಮೇಜನ್ನೇ ಮಾಡಿಸಲಿ, ನೈಫಿನ ಸಮೇತ. 8 ಅಡಿ ಪ್ಲೈವುಡ್ ಶೀಟನ್ನು ನಾನು ಯಾವ ಮೇಜಿಗೂ ಹತ್ತಿಸುವುದಿಲ್ಲ. ನೆಲಕ್ಕೆ ಥರ್ಮೊಕೋಲ್ ಹಾಸಿ, ಅಲ್ಯೂಮಿನಿಯಂ ಪಟ್ಟಿ ಬಿಗಿದು ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾನಲ್ಲಿ ಕೊಯ್ಯುತ್ತೇನೆ. ಮೇಜಿನ ಜೊತೆಗೇ ಸೀಳಲು 24 ಹಲ್ಲಿನದೊಂದು, ಅಡ್ಡ ಕೊಯ್ಯಲು 60 ಹಲ್ಲಿನದೊಂದು ಬ್ಲೇಡು ಕೊಂಡುಕೊಳ್ಳಿ, ಎರಡನ್ನೂ ಅಂಗಡಿಯಲ್ಲೇ ಅಳೆದು.