ಪ್ಯಾಂಕ್ರಿಯಾಸ್‌ಗೆ ಪೆಪ್ಟೈಡ್ ಡಬ್ಬಿ ಅಂತ ಮನೆಗೆ ಬರುತ್ತಾರೆ, ಹುಷಾರ್!

ಕೊಪ್ಪಳ, ಗಂಗಾವತಿ, ಕಾರಟಗಿ ಕಡೆಯವರು ಇದನ್ನು ದಯವಿಟ್ಟು ಪೂರ್ತಿ ಓದಿ.

ನಮ್ಮ ಭಾವನಿಗೆ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಜೀರ್ಣರಸ ಕೊಡುವ ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಊದಿಕೊಂಡು ವರ್ಷಗಟ್ಟಲೆ ಕೆಡುತ್ತಾ ಹೋಗುವ ಕಾಯಿಲೆ. ಊಟದ ಜೊತೆ ಎಂಜೈಮ್ (ಊಟ ಜೀರ್ಣ ಮಾಡಿಸುವ ಅಂಶ) ಕ್ಯಾಪ್ಸೂಲ್ ನುಂಗದಿದ್ದರೆ ಎಣ್ಣೆ, ತುಪ್ಪ ಜೀರ್ಣವಾಗಲ್ಲ. ಪರಿಚಯದವರ ಕಡೆಯಿಂದ ಒಬ್ಬ 'ಹೆಲ್ತ್ ಕೋಚ್' ಮನೆಗೆ ಬಂದ. ಪೆಪ್ಟೈಡ್, ವಿಟಮಿನ್ ಸೇರಿದ ಕ್ಯಾಪ್ಸೂಲ್, ಸತ್ತ ಸೆಲ್ ಮತ್ತೆ ಹುಟ್ಟಿಸುತ್ತದೆ ಅಂದ. "ಆಸ್ಪತ್ರಿ ಗುಳಿಗಿ ಜೀವನ ಪೂರ್ತಿ ನುಂಗ್ತೀರೇನ್ರೀ? ಮೂರು ತಿಂಗಳ ಕೋರ್ಸ್ ಮಾಡ್ರಿ, ಅದನ್ನ ಬಿಟ್ಟುಬಿಡ್ರಿ." ಡಬ್ಬಿಗೆ 4,200 ರೂಪಾಯಿ. ಅಕ್ಕ ಚೀಟಿ ದುಡ್ಡು ಎತ್ತಿ ಕೊಟ್ಟಳು. ಬಿಲ್ ವಾಟ್ಸಾಪ್‌ಗೆ ಬರುತ್ತೆ ಅಂದಿದ್ದ. ಇವತ್ತಿಗೂ ಬಂದಿಲ್ಲ.

ಭಾವ ಎಂಜೈಮ್ ನಿಲ್ಲಿಸಿದರು. ಜಿಡ್ಡುಜಿಡ್ಡಾಗಿ ಭೇದಿ ಶುರುವಾಯಿತು, ಮೈ ಇಳಿಯಿತು, ಹೊಟ್ಟೆನೋವು ಜಾಸ್ತಿಯಾಯಿತು. ಫೋನ್ ಮಾಡಿದರೆ "ಅದು ಡಿಟಾಕ್ಸ್ ರೀ, ಒಳಗಿನ ಕೆಟ್ಟದ್ದೆಲ್ಲಾ ಹೊರಗ ಬರಾಕತ್ತೈತಿ. ಡೋಸ್ ಡಬಲ್ ಮಾಡ್ರಿ" ಅಂದ. ಇಲ್ಲಿ ಮನುಷ್ಯ ನೋವಿಗೆ ಮುದುಡಿ ಮಲಗಿದ್ದಾರೆ, ಇವನು ಡಬಲ್ ಮಾಡಿ ಅಂತಾನೆ!

ಬಳ್ಳಾರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಡಬ್ಬಿ ಕೇಳಿದರು, ತಿರುಗಿಸಿ ನೋಡಿದರು, ಬೆಲೆಯ ಸ್ಟಿಕ್ಕರನ್ನು ಉಗುರಿನಿಂದ ಕಿತ್ತರು. ಅದರ ಕೆಳಗೆ 'ನಾಟ್ ಫಾರ್ ಮೆಡಿಸಿನಲ್ ಯೂಸ್' ಅಂತ ಅಚ್ಚಾಗಿತ್ತು. ಔಷಧಿ ಅಂತ ಬಳಸೋ ಹಾಗಿಲ್ಲ! ಅದರ ಮೇಲೇ ಸ್ಟಿಕ್ಕರ್ ಹಚ್ಚಿದ್ದಾರೆ! ವಾರ್ಡಿನಲ್ಲಿ ಅಷ್ಟು ಜನ ನೋಡುತ್ತಿದ್ದರು. ಅಕ್ಕ ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಪೆಪ್ಟೈಡ್ ಅಂದರೆ ಪ್ರೋಟೀನಿನ ಸಣ್ಣ ತುಂಡು. ನುಂಗಿದರೆ ಬಹುಪಾಲು ಬೇಳೆ, ಮೊಟ್ಟೆಯ ಪ್ರೋಟೀನಿನ ಹಾಗೇ ಹೊಟ್ಟೆಯಲ್ಲಿ, ಕರುಳಿನಲ್ಲಿ ಒಡೆದುಹೋಗುತ್ತದೆ. ಇನ್ಸುಲಿನ್ ಕೂಡ ಅದೇ ಜಾತಿಯದು, ಅದಕ್ಕೇ ಅದನ್ನು ಚುಚ್ಚಿಕೊಳ್ಳುವುದು. ಈ ಕಾಯಿಲೆಯಲ್ಲಿ ಎ, ಡಿ, ಇ, ಕೆ ವಿಟಮಿನ್ ಕಡಿಮೆಯಾಗಬಹುದು, ಅದು ನಿಜ. ಆದರೆ ರಕ್ತ ಪರೀಕ್ಷೆ ಮಾಡಿಸಿ ಎಷ್ಟು ಬೇಕೋ ಅಷ್ಟೇ ತಗೋಬೇಕು. ಕೊಬ್ಬು ಜೀರ್ಣವಾಗದಿದ್ದರೆ ಅವು ಮೈಗೆ ಸರಿಯಾಗಿ ಹತ್ತುವುದೂ ಇಲ್ಲ, ಎಂಜೈಮ್ ಬೇಕೇ ಬೇಕು. ಡಿ ತೀರಾ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಪ್ಯಾಂಕ್ರಿಯಾಸ್ ಮತ್ತೆ ಊದಿಕೊಳ್ಳಬಹುದು ಅಂದರು ಡಾಕ್ಟರು. ಇವನು ಡಬಲ್ ಮಾಡಿ ಅಂದಿದ್ದನಲ್ಲ!

ದುಡ್ಡು ವಾಪಸ್ ಕೇಳಿದೆ. "ಸೀಲ್ ಒಡದೀರಿ, ಆಗಂಗಿಲ್ಲ." ಸ್ಟಿಕ್ಕರ್ ಕೆಳಗೆ ಇದ್ದದ್ದು ಏನು ಅಂದೆ. "ಅದು ಗೌರ್ಮೆಂಟ್ ರೂಲ್ಸ್ ರೀ, ಎಲ್ಲಾ ಡಬ್ಬಿ ಮ್ಯಾಲೂ ಇರ್ತೈತಿ." ಹಾಗಾದರೆ ಮುಚ್ಚಿದ್ದು ಯಾಕೆ? ಉತ್ತರವಿಲ್ಲ. "ನಿಮ್ ಭಾವ ಪಥ್ಯ ಮಾಡಿಲ್ಲ" ಅಂತ ಮೆಸೇಜ್ ಹಾಕಿ ನನ್ನನ್ನು ಬ್ಲಾಕ್ ಮಾಡಿದ. ಒಗ್ಗರಣಿ-ಮಿರ್ಚಿ ಕೂಡ ಮುಟ್ಟದ ಮನುಷ್ಯನಿಗೆ ಪಥ್ಯ ಮಾಡಿಲ್ಲ ಅಂತಾನೆ!

ಯಾರಾದರೂ ಇಂಥ ಡಬ್ಬಿ ತಂದರೆ ಮೊದಲು ಸ್ಟಿಕ್ಕರ್ ಕಿತ್ತು ನೋಡಿ. ಬಿಲ್ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಡಾಕ್ಟರ ಗುಳಿಗೆ ಬಿಡಿ ಅಂದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ನಾವು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಡಬ್ಬಿಯನ್ನು ಸ್ಟಿಕ್ಕರ್ ಸಮೇತ ತೆಗೆದಿಟ್ಟಿದ್ದೇವೆ. ಅವನು ಈಗ ಸಿಂಧನೂರು ಕಡೆ ಮೀಟಿಂಗ್ ಮಾಡುತ್ತಿದ್ದಾನಂತೆ. ಆ ಕಡೆ ಯಾರಾದರೂ ಇದೇ ಥರ ದುಡ್ಡು ಕೊಟ್ಟಿದ್ದರೆ ನನಗೆ ತಿಳಿಸಿ, ಸೇರಿಯೇ ಕೇಸ್ ಹಾಕೋಣ.