ಬೇಸಗೆಯಲ್ಲಿ ಸಡಿಲ, ಮಳೆಗಾಲದಲ್ಲಿ ಬಿಗಿ: ಒಂದು ಬ್ರೈಯರ್ ಪೈಪ್ ಜೊತೆ ಹತ್ತು ವರ್ಷ

ತಂಬಾಕು ಸೇದುವ ಈ ಪೈಪ್ ನನ್ನ ಕೈಗೆ ಬಂದದ್ದು 2014ರ ಡಿಸೆಂಬರ್‌ನಲ್ಲಿ, ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿದ್ದ ಹೊತ್ತಿನಲ್ಲಿ. ಜರ್ಮನಿಯಲ್ಲಿ ಕೆಲಸಕ್ಕಿದ್ದ ಭಾವ ರಜೆಗೆ ಬರುವಾಗ ತಂದುಕೊಟ್ಟರು. ಅಲ್ಲಿನ ಅಂಗಡಿಯಲ್ಲಿ 48 ಯೂರೋ ಕೊಟ್ಟಿದ್ದರಂತೆ. ತುಸು ಬಾಗಿದ ಆಕಾರ, ಬ್ರೈಯರ್ ಮರದ ಬಟ್ಟಲು, ಕಪ್ಪು ಎಬೊನೈಟ್‌ನ ಬಾಯಿಕೊಳವೆ, ಒಳಗೆ 9 ಮಿಲಿಮೀಟರ್ ಫಿಲ್ಟರ್ ಕೂರುವ ಜಾಗ. ಮೊದಲ ಐದು ವರ್ಷ ದಿನಕ್ಕೊಮ್ಮೆ ಸೇದಿದ್ದೇನೆ, ಈಗ ವಾರಕ್ಕೊಮ್ಮೆ. ತಂಬಾಕು ಯಾವ ರೂಪದಲ್ಲಿ ಒಳಗೆ ಹೋದರೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಹೊಸಬರು ಈ ಅಭ್ಯಾಸಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿಲ್ಲ. ಪೈಪ್ ಈಗಾಗಲೇ ಕೈಯಲ್ಲಿದ್ದು, ಅದನ್ನು ಮನೆಯಲ್ಲೇ ಸರಿಮಾಡಿಕೊಳ್ಳಲು ಹೊರಟಿರುವವರಿಗಾಗಿ ಬರೆಯುತ್ತಿದ್ದೇನೆ. ಹತ್ತು ವರ್ಷಗಳಲ್ಲಿ ನಾನು ಈ ಪೈಪಿನ ಮೇಲೆ ಮಾಡಿದ ಪ್ರಯೋಗಗಳಿಂದ ಅದಕ್ಕೆ ಆದಷ್ಟು ಪೆಟ್ಟು ಬೆಂಕಿಯಿಂದ ಆಗಿಲ್ಲ.

ಮರದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅದರಲ್ಲಿ ದೂರುವುದಕ್ಕೆ ಏನೂ ಇಲ್ಲ. ಬ್ರೈಯರ್ ಎನ್ನುವುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಗಿಡದ ಬುಡದಲ್ಲಿ, ಮಣ್ಣಿನೊಳಗೆ ಕಟ್ಟಿಕೊಳ್ಳುವ ಗಂಟು. ಅದನ್ನು ಅಗೆದು, ತುಂಡು ಮಾಡಿ, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಕಸುಬಿಗೇ ಹೆಸರಾಗಿದೆ. ಒಳಗೆ ಕೆಂಡ ಇದ್ದರೂ ಹೊರಗೆ ಕೈಗೆ ಹಿತವಾದ ಬಿಸಿ ಮಾತ್ರ ತಾಗುವ ಗುಣ ಈ ಮರಕ್ಕಿದೆ. ನನ್ನ ಪೈಪಿನ ಬಟ್ಟಲು ಇವತ್ತಿಗೂ ಒಂದು ಕಡೆಯೂ ಸುಟ್ಟಿಲ್ಲ. ಒಳಗೋಡೆಯಲ್ಲಿ ಕರಿ ಕಟ್ಟಿದ್ದನ್ನು ನಾಣ್ಯದ ದಪ್ಪಕ್ಕಿಂತ ಹೆಚ್ಚು ಬೆಳೆಯಲು ಬಿಟ್ಟಿಲ್ಲ. ಕರಿ ದಪ್ಪವಾದರೆ ಅದು ಮರಕ್ಕಿಂತ ಹೆಚ್ಚು ಹಿಗ್ಗಿ ಬಟ್ಟಲನ್ನೇ ಒಡೆಯುತ್ತದೆ. ಬಟ್ಟಲಿಗೆ ನಾನು ಮಾಡಿದ ಆರೈಕೆ ಇಷ್ಟೇ.

ತೊಂದರೆ ಇರುವುದು ಕೊರಳಿನಲ್ಲಿ. ಬಟ್ಟಲಿನಿಂದ ಹೊರಟ ಮರದ ಕೊರಳಿನ ತೂತಿಗೆ ಬಾಯಿಕೊಳವೆಯ ಗೂಟ ಹೋಗಿ ಕೂರುತ್ತದಲ್ಲ, ಆ ಜಾಗ. 9 ಮಿಲಿಮೀಟರ್ ಫಿಲ್ಟರ್ ಹಿಡಿಸಬೇಕಾದರೆ ಆ ತೂತನ್ನು ಅಗಲವಾಗಿ ಕೊರೆಯಲೇಬೇಕು. ಕೊರಳಿನ ಹೊರಸುತ್ತಳತೆ ಹೆಚ್ಚಿಸದೆ ಒಳಗೆ ಅಗಲ ಕೊರೆದರೆ ಗೋಡೆ ತೆಳುವಾಗುತ್ತದೆ. ನನ್ನ ಪೈಪಿನಲ್ಲಿ ಅದು ಎರಡು ಮಿಲಿಮೀಟರಿನಷ್ಟೇ ಇದೆ. ತಯಾರಕರು ಇಲ್ಲಿ ಇನ್ನಷ್ಟು ಮರ ಬಿಡಬಹುದಿತ್ತು ಎಂಬುದು ನನ್ನ ಮೊದಲ ದೂರು. ಫಿಲ್ಟರ್ ಹಾಕದವರು 9 ಮಿಲಿಮೀಟರಿನ ಪೈಪನ್ನು ಕೊಳ್ಳುವ ಮೊದಲು ಕೊರಳಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ.

2015ರ ಏಪ್ರಿಲ್ ತಿಂಗಳಲ್ಲಿ ಬಾಯಿಕೊಳವೆ ಸಡಿಲವಾಯಿತು. ತಲೆಕೆಳಗು ಹಿಡಿದರೆ ಜಾರಿ ಬೀಳುವಷ್ಟು. ಕೊಂಡು ನಾಲ್ಕೇ ತಿಂಗಳಾಗಿತ್ತು, ನನಗೆ ಸಿಟ್ಟು ಬಂತು. ಎಬೊನೈಟ್ ಎಂದರೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರ್. ಕಾಯಿಸಿದರೆ ಮೆದುವಾಗುತ್ತದೆ, ಆರಿದಾಗ ಕೊಟ್ಟ ಆಕಾರದಲ್ಲಿ ನಿಲ್ಲುತ್ತದೆ. ಇದನ್ನೇ ನಂಬಿ ಗೂಟವನ್ನು ಮೇಣದಬತ್ತಿಯ ಜ್ವಾಲೆಗೆ ಎರಡು ಅಂಗುಲ ಮೇಲೆ ಹಿಡಿದು ತಿರುಗಿಸುತ್ತ ಕಾಯಿಸಿದೆ. ಮೊನೆಯತ್ತ ಸಪೂರವಾಗುವ ಒಂದು ಉಕ್ಕಿನ ಸರಳನ್ನು ಅದರ ತೂತಿಗೆ ಒತ್ತಿದೆ. ಗೂಟ ಹಿಗ್ಗಿತು. ತಣ್ಣೀರಿಗೆ ಅದ್ದಿ ಕೊರಳಿಗೆ ಕೂರಿಸಿ ನೋಡಿದರೆ ಹೊಸದರಂತೆ ಬಿಗಿಯಾಗಿ ಕೂತಿತು. ಈ ಕ್ರಮ ತಪ್ಪಲ್ಲ, ಪೈಪ್ ರಿಪೇರಿ ಮಾಡುವವರೆಲ್ಲ ಮಾಡುವುದೇ. ನಾನು ತಪ್ಪಿದ್ದು ತಿಂಗಳಿನಲ್ಲಿ.

ನಮ್ಮದು ಮೂಡಿಗೆರೆ ಕಡೆಯ ತೋಟ. ಜೂನ್ ಹಿಡಿದರೆ ಗೋಡೆಗೆ ತೂಗುಹಾಕಿದ ಚರ್ಮದ ಚೀಲಕ್ಕೂ ಬೂಷ್ಟು ಬರುವ ಊರು. ಆ ವರ್ಷ ಮಳೆ ಹಿಡಿದ ಮೇಲೆ ಬಾಗಿಲು, ಕಿಟಕಿ, ಮೇಜಿನ ಖಾನೆ ಎಲ್ಲವೂ ಹೇಗೆ ಉಬ್ಬಿ ಬಿಗಿದವೋ ಪೈಪಿನ ಕೊರಳೂ ಹಾಗೆಯೇ ಒಳಗಿನಿಂದ ಉಬ್ಬಿತು. ಸೇದುವಾಗ ಒಳಗೆ ಇಳಿಯುವ ತೇವ ಬೇರೆ. ಏಪ್ರಿಲ್ ತಿಂಗಳ ಒಣಮರದ ಅಳತೆಗೆ ಹಿಗ್ಗಿಸಿದ್ದ ಗೂಟ ಜುಲೈ ತಿಂಗಳ ಹಸಿ ಕೊರಳಿನೊಳಗೆ ಸಿಕ್ಕಿಕೊಂಡಿತು. ಒಂದು ಸಂಜೆ ಸೇದಿ ಮುಗಿದ ಕೂಡಲೇ, ಪೈಪ್ ಇನ್ನೂ ಬಿಸಿ ಇರುವಾಗ, ಒಳಗೆ ಗುಳುಗುಳು ಎನ್ನುತ್ತಿದ್ದ ನೀರನ್ನು ಒರೆಸಲೆಂದು ಬಾಯಿಕೊಳವೆಯನ್ನು ತಿರುಗಿಸಿದೆ. ಬರಲಿಲ್ಲ. ಬಟ್ಟೆ ಸುತ್ತಿ ಮತ್ತೆ ತಿರುಗಿಸಿದೆ. ಬೆರಳಿನ ಕೆಳಗೆ ಏನೋ ಸಣ್ಣಗೆ ಬಿಟ್ಟುಕೊಟ್ಟಂತಾಯಿತು. ಟಿಕ್ ಎಂಬ ಸದ್ದು, ಒಣ ಕಡಲೆಕಾಯಿ ಬಿರಿದಷ್ಟೇ. ಕೊಳವೆ ಸಲೀಸಾಗಿ ಹೊರಗೆ ಬಂತು. ದೀಪದ ಕೆಳಗೆ ಹಿಡಿದಾಗ ಕೊರಳಿನ ಬಾಯಿಯಿಂದ ಬಟ್ಟಲಿನ ಕಡೆಗೆ ಒಂದೂವರೆ ಸೆಂಟಿಮೀಟರ್ ಉದ್ದದ ಕೂದಲೆಳೆಯಂಥ ಗೆರೆ ಕಂಡಿತು. ಉಗುರು ಆಡಿಸಿದರೆ ತಡೆಯುತ್ತಿತ್ತು. ಆ ರಾತ್ರಿ ಬಹಳ ಬೇಜಾರಾಯಿತು.

ಮರುದಿನ ಅದಕ್ಕೆ ಫೆವಿಕಾಲ್ ಸವರಿ ದಾರ ಬಿಗಿದು ಇಟ್ಟೆ. ತೇವವೂ ಬಿಸಿಯೂ ಒಟ್ಟಿಗೆ ಬೀಳುವ ಜಾಗದಲ್ಲಿ ಮರಗೆಲಸದ ಅಂಟು ನಿಲ್ಲುವುದಿಲ್ಲ. ನಾಲ್ಕನೆಯ ದಿನಕ್ಕೆ ಬಿಟ್ಟಿತು.

ಆಗಸ್ಟ್‌ನಲ್ಲಿ ಪೇಟೆಗೆ ಹೋದಾಗ, ನಮ್ಮ ಮನೆಯ ಬೆಳ್ಳಿ ಕೆಲಸ ಮಾಡಿಕೊಡುವ ಆಚಾರ್ಯರ ಮುಂದೆ ಪೈಪ್ ಇಟ್ಟೆ. ಬಿರುಕು ಬಿಟ್ಟ ಕೊರಳಿಗೆ ಬೆಳ್ಳಿಯ ಕಟ್ಟು ಹಾಕುವುದು ಯುರೋಪಿನಲ್ಲಿ ಹಳೆಯ ಪದ್ಧತಿ. ಅವರು ಅದನ್ನು ಎಂದೂ ಮಾಡಿದವರಲ್ಲ, ಪೈಪನ್ನು ಕೈಯಲ್ಲಿ ಹಿಡಿದದ್ದೂ ಅದೇ ಮೊದಲು. ಕಣ್ಣಿಗೆ ಭೂತಗನ್ನಡಿ ಏರಿಸಿ, ಬಿರುಕನ್ನು ನೋಡಿ, ಕೊರಳನ್ನು ಕೆನ್ನೆಗೆ ತಾಗಿಸಿ ನೋಡಿದರು.

“ಮರ ನೀರು ಕುಡಿದಿದೆ ಗೌಡರೇ. ಈಗ ಅಳತೆ ತೆಗೆದು ಕಟ್ಟು ಹಾಕಿದರೆ ಬೇಸಗೆಯಲ್ಲಿ ಕಳಚಿ ಕೈಗೆ ಬರುತ್ತದೆ. ದೀಪಾವಳಿ ಕಳೆಯಲಿ, ತನ್ನಿ.”

“ಅಲ್ಲಿಯವರೆಗೆ ಸೇದಬಹುದಾ ಆಚಾರ್ಯರೇ?”

“ಬೇಡ. ಅಕ್ಕಿ ಡಬ್ಬದ ಹತ್ತಿರ ಇಡಿ. ಅಕ್ಕಿಯೊಳಗೆ ಹೂಳಬೇಡಿ, ಒಮ್ಮೆಲೇ ಒಣಗಿದರೆ ಇನ್ನಷ್ಟು ಸೀಳುತ್ತದೆ.”

ನವೆಂಬರ್ ಕೊನೆಗೆ ಹೋದೆ. ಅವರು ಮಾಡಿದ್ದನ್ನು ಪಕ್ಕದಲ್ಲಿ ಕೂತು ನೋಡಿದ್ದರಿಂದ ವಿವರವಾಗಿ ಹೇಳಬಲ್ಲೆ. ಮೊದಲು ಬಿರುಕಿನ ಕೊನೆ ಎಲ್ಲಿದೆ ಎಂದು ಹುಡುಕಿದರು. ಬರಿಗಣ್ಣಿಗೆ ಕಂಡದ್ದಕ್ಕಿಂತ ಅದು ಎರಡು ಮಿಲಿಮೀಟರ್ ಮುಂದಿತ್ತು. ಸರಿಯಾಗಿ ಆ ತುದಿಯಲ್ಲಿ ಸೂಜಿಯಷ್ಟು ಸಪೂರ ಬೈರಿಗೆಯಿಂದ ಒಂದು ಚುಕ್ಕಿ ಕೊರೆದರು, ಗೋಡೆ ದಾಟದಂತೆ. ಸೀಳು ಅಲ್ಲಿಗೆ ಬಂದು ನಿಲ್ಲುತ್ತದೆ, ಮುಂದೆ ಓಡುವುದಿಲ್ಲ. ನಾನು ಒಯ್ದಿದ್ದ ತೆಳು ಸೂಪರ್ ಗ್ಲೂ ಒಂದು ಹನಿಯನ್ನು ಗೆರೆಯ ಮೇಲೆ ಬಿಟ್ಟಾಗ ಮರ ಅದನ್ನು ತಾನೇ ಒಳಗೆಳೆದುಕೊಂಡಿತು. ಆಮೇಲೆ ಒಂದು ಕಾಗದದ ಪಟ್ಟಿಯನ್ನು ಕೊರಳಿಗೆ ಸುತ್ತಿ ಉಗುರಿನಲ್ಲಿ ಗೀರಿ ಅಳತೆ ತೆಗೆದರು. ಬೆಳ್ಳಿಯ ಪಟ್ಟಿಯನ್ನು ಆ ಗೀರಿಗಿಂತ ಕೂದಲಷ್ಟು ಕಡಿಮೆ ಕತ್ತರಿಸಿ, ಬಗ್ಗಿಸಿ, ಕೂಡುವ ಜಾಗಕ್ಕೆ ಬಿಳಿಗಾರ ಸವರಿ, ಊದುಗೊಳವೆಯಿಂದ ಜ್ವಾಲೆ ಹಾಯಿಸಿ ಬೆಸೆದರು. ಪೈಪಿನ ಕೊರಳು ಪೂರ್ತಿ ದುಂಡಗಿರಲಿಲ್ಲ, ಕೆಳಗೆ ತುಸು ಚಪ್ಪಟೆ. ಬೆಳ್ಳಿಗೂ ಅಷ್ಟೇ ಚಪ್ಪಟೆ ಬರುವಂತೆ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ನಾಲ್ಕೈದು ಬಾರಿ ಹಾಕಿ ನೋಡಿದರು. ಕೊನೆಗೆ ಬಳೆಯನ್ನು ಮಾತ್ರ ಕಾಯಿಸಿ, ಚಿಮಟದಲ್ಲಿ ಹಿಡಿದು, ಕೊರಳಿಗೆ ತೊಡಿಸಿ, ಒದ್ದೆ ಬಟ್ಟೆ ಒತ್ತಿದರು. ಚುಸ್ ಎಂದಿತು. ಬೆಳ್ಳಿ ತಣಿಯುತ್ತ ಕುಗ್ಗಿ ಮರವನ್ನು ಅಪ್ಪಿಕೊಂಡಿತು. ಗೂಟವನ್ನು ಮರಳುಕಾಗದದಿಂದ ನಾನೇ ಸವೆಸಿಕೊಂಡೆ. ಒರಟು ಕಾಗದ ಮುಟ್ಟದೆ 600 ನಂಬರಿನ ನುಣುಪು ಕಾಗದದಿಂದ ಶುರುಮಾಡಿ, ಹತ್ತು ಸುತ್ತಿಗೊಮ್ಮೆ ಕೂರಿಸಿ ನೋಡುತ್ತ.

ಆ ಕಟ್ಟು ಇಂದಿಗೂ ಅಲುಗಿಲ್ಲ. ಹತ್ತು ಮಳೆಗಾಲ ಕಂಡಿದೆ.

ಎರಡನೆಯ ಅನಾಹುತ 2017ರದ್ದು. ಹೊಗೆಯ ದಾರಿಯನ್ನು ಮೂರೂವರೆಯಿಂದ ನಾಲ್ಕು ಮಿಲಿಮೀಟರಿಗೆ ಅಗಲಿಸಿದರೆ ಎಳೆತ ಹಗುರಾಗುತ್ತದೆ, ಬಟ್ಟಲು ತಂಪಾಗಿ ಉರಿಯುತ್ತದೆ ಎಂದು ಅನುಭವಿಗಳು ಹೇಳುತ್ತಾರೆ. ಮಾತು ನಿಜ. ನೇರ ಪೈಪಿನಲ್ಲಿ ಬೈರಿಗೆಯ ಅಲಗನ್ನು ಬೆರಳಿನಲ್ಲೇ ಹಿಡಿದು ತಿರುಗಿಸಿದರೂ ಹಳೆಯ ದಾರಿಯನ್ನೇ ಹಿಡಿದು ಹೋಗುತ್ತದೆ. ನನ್ನದು ಬಾಗಿದ ಪೈಪ್. ಕೊರಳಿನ ಬಾಯಿಯಿಂದ ನೋಡಿದರೆ ಹೊಗೆಯ ದಾರಿ ಓರೆಯಾಗಿ ಇಳಿಯುತ್ತದೆ. ನಾನು ವಿದ್ಯುತ್ ಡ್ರಿಲ್ಲಿಗೆ ಅಲಗು ಸಿಕ್ಕಿಸಿ ಒತ್ತಿದ್ದರಿಂದ ಅದು ದಾರಿ ಬಿಟ್ಟು ಕೆಳಗಿಳಿದು ಬಟ್ಟಲಿನ ತಳದಲ್ಲಿ ಒಂದು ಕಾಲುವೆ ಕೊರೆಯಿತು. ಇನ್ನು ಸ್ವಲ್ಪ ಒತ್ತಿದ್ದರೆ ತಳವೇ ತೂತಾಗುತ್ತಿತ್ತು. ಆ ಕಾಲುವೆಯಲ್ಲಿ ನೀರು ನಿಂತು ಪ್ರತಿ ಸಲವೂ ಕೊನೆಯ ಕಾಲು ಭಾಗ ತಂಬಾಕು ಹುಳಿಯಾಗುತ್ತಿತ್ತು.

ಅದನ್ನು ಮುಚ್ಚಲು ಎರಡು ಬಣ್ಣದ ಉಂಡೆಗಳನ್ನು ಕಲೆಸಿ ಹಚ್ಚುವ ಎಪಾಕ್ಸಿ ತುಂಬಿದೆ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಕೆಂಡ ಕೂರುವ ಜಾಗದಲ್ಲಿ ಅದು ಸುಟ್ಟು ಹೊಗೆ ಬಿಡುತ್ತದೆ, ಆ ಹೊಗೆ ನೇರ ಬಾಯಿಗೆ ಬರುತ್ತದೆ. ಮೊದಲ ಎರಡು ಎಳೆತಕ್ಕೇ ನಾಲಗೆ ಕಹಿಯಾಗಿ ಎಸೆದೆ. ಎರಡು ದಿನ ಕೂತು ಅಷ್ಟನ್ನೂ ಸಣ್ಣ ಉಳಿಯಿಂದ ಕೆರೆದು ತೆಗೆದೆ. ಆಮೇಲೆ ಮಾಡಿದ್ದು ಸರಳ: ಚುಟ್ಟಾದ ಬೂದಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಹನಿ ಹನಿ ನೀರು ಬೆರೆಸಿ, ಟೂತ್‌ಪೇಸ್ಟಿನ ಹದಕ್ಕೆ ಕಲೆಸಿ, ಹೊಗೆಯ ದಾರಿಗೆ ಪೈಪ್ ಒರೆಸುವ ನೂಲುಕಡ್ಡಿ ತೂರಿಸಿಟ್ಟು, ತಳಕ್ಕೆ ಮೆತ್ತಿದೆ. ಮೂರು ದಿನ ಒಣಗಿಸಿ, ಕಡ್ಡಿಯನ್ನು ಸುತ್ತಿಸುತ್ತ ಹೊರಗೆಳೆದೆ. ಗಾರೆಯಂತೆ ಗಟ್ಟಿಯಾಗಿ ನಿಂತಿದೆ. ವರ್ಷಕ್ಕೊಮ್ಮೆ ತೇಪೆ ಹಚ್ಚಿದರೆ ಸಾಕು.

ಬಾಯಿಕೊಳವೆಯ ವಿಷಯ ಚಿಕ್ಕದು. ಬೆಳಕು ಮತ್ತು ತೇವ ತಾಗಿ ಎಬೊನೈಟ್ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ, ಗಂಧಕದ ರುಚಿ ನಾಲಗೆಗೆ ಹತ್ತುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ರಾತ್ರಿಯಿಡೀ ನೆನೆಸಿದ್ದೆ. ಕಂದು ಹೋಯಿತು, ಮೈಯೆಲ್ಲ ಸಿಡುಬಿನ ಕಲೆಯಂತೆ ಗುಳಿ ಬಿತ್ತು. ಆ ಗುಳಿಗಳನ್ನು ಉಜ್ಜಿ ಮಟ್ಟಮಾಡುವಷ್ಟರಲ್ಲಿ ಹಲ್ಲಿನಲ್ಲಿ ಕಚ್ಚುವ ತುದಿಯ ಏಣು ಸವೆದುಹೋಗಿತ್ತು. ಹಲ್ಲಿನ ಗುರುತುಗಳನ್ನು ಎಬ್ಬಿಸಲೆಂದು ಇನ್ನೊಮ್ಮೆ ಜ್ವಾಲೆಗೆ ಹಿಡಿದಾಗ ಅದು ತನ್ನ ಬಾಗು ಬಿಟ್ಟು ನೆಟ್ಟಗಾಗತೊಡಗಿತು. ನೇರವಾಗಿ ಎರಕಗೊಂಡ ರಬ್ಬರ್ ಬಿಸಿ ತಾಗಿದರೆ ಹಳೆಯ ನೇರಕ್ಕೇ ಮರಳುತ್ತದೆ. ಒಳಗೆ ನೂಲುಕಡ್ಡಿ ಹಾಕಿ ಮತ್ತೆ ಬಗ್ಗಿಸಿದ್ದರಿಂದ ಹೊಗೆಯ ದಾರಿ ಮುಚ್ಚಿಕೊಳ್ಳಲಿಲ್ಲ, ಆ ಒಂದು ಎಚ್ಚರ ನನಗೆ ಹೊಳೆದಿತ್ತು.

ತಯಾರಕರ ಮೇಲೆ ಇನ್ನೆರಡು ದೂರುಗಳಿವೆ. ಬಟ್ಟಲಿನ ಹೊರಮೈಗೆ ಬಳಿದಿದ್ದ ಹೊಳಪಿನ ವಾರ್ನಿಷ್ ಮೊದಲ ವರ್ಷವೇ ಗುಳ್ಳೆ ಎದ್ದಿತು. ಉಸಿರಾಡಬೇಕಾದ ಮರಕ್ಕೆ ಇಂಥ ಲೇಪ ಬೇಕಿರಲಿಲ್ಲ, ಕಾರ್ನೌಬಾ ಮೇಣದ ಹೊಳಪು ಸಾಕಿತ್ತು. ವಾರ್ನಿಷ್ ಕಿತ್ತಾಗ ಅದರ ಕೆಳಗೆ ಮರದ ಕುಳಿಗಳಿಗೆ ಮೆತ್ತಿದ್ದ ತೇಪೆಗಳು ಮೂರು ಕಡೆ ಕಂಡವು. 48 ಯೂರೋ ಬೆಲೆಯಲ್ಲಿ ತೇಪೆ ಇರುವುದು ಅಪರಾಧವಲ್ಲ, ಮುಚ್ಚಿಟ್ಟದ್ದು ಸರಿಯಲ್ಲ. ಫಿಲ್ಟರುಗಳೂ ನಮ್ಮ ಕಡೆ ಸಿಗುವುದಿಲ್ಲ. ಭಾವ ತಂದದ್ದು ಮುಗಿದ ಮೇಲೆ ನಾನು ಇಲ್ಲದೆಯೇ ಸೇದುತ್ತಿದ್ದೇನೆ.

ಮಲೆನಾಡು, ಕರಾವಳಿಯಂಥ ಊರಿನಲ್ಲಿದ್ದು ಇಂಥದ್ದೇ ಪೈಪ್ ಕೊಳ್ಳುವವರಿಗೆ ನಾನು ಬೇರೆ ಬಗೆಯದನ್ನು ಸೂಚಿಸುತ್ತೇನೆ. ಡಬ್ಲಿನ್‌ನ ಪೀಟರ್ಸನ್ ಕಂಪನಿಯ ಸಿಸ್ಟಂ ಪೈಪುಗಳಲ್ಲಿ ಕೊರಳಿನ ಬಾಯಿಗೆ ಮೊದಲೇ ಲೋಹದ ಕಟ್ಟು ಇರುತ್ತದೆ. ಬಾಯಿಕೊಳವೆ ಮೊನೆಯಾಗಿ ಇಳಿಯುವುದರಿಂದ ಎಷ್ಟು ಒಳಗೆ ಹೋದರೂ ಸರಿಯೇ, ಮರ ಉಬ್ಬಿದರೆ ಒಂದು ನೂಲು ಹೊರಗೆ ನಿಲ್ಲುತ್ತದೆ, ಅಷ್ಟೇ. ತೇವ ಇಳಿಯಲು ಒಳಗೆ ಪ್ರತ್ಯೇಕ ಗುಂಡಿಯೂ ಇದೆ. ಕೈಯಾಡಿಸಿ ಕಲಿಯಲೇಬೇಕು ಎನ್ನುವವರಿಗೆ ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮಾಡುತ್ತಿರುವ ಮೆಕ್ಕೆಜೋಳದ ದಿಂಡಿನ ಪೈಪ್ ಒಳ್ಳೆಯದು. ಕೊರೆಯಿರಿ, ಕತ್ತರಿಸಿ, ಕೆಟ್ಟರೆ ನಷ್ಟ ಕಡಿಮೆ.

2021ರಲ್ಲಿ ನಾನೂ ಇನ್ನೊಂದು ಬ್ರೈಯರ್ ಪೈಪ್ ತೆಗೆದುಕೊಂಡೆ, ಫಿಲ್ಟರ್ ಇಲ್ಲದ್ದು, ಕೊರಳು ದಪ್ಪ ಇರುವುದು. ಮರುವರ್ಷದ ಏಪ್ರಿಲ್‌ನಲ್ಲಿ ಅದರ ಬಾಯಿಕೊಳವೆಯೂ ಸಡಿಲವಾಯಿತು. ಗೂಟಕ್ಕೆ ಚೂರು ಜೇನುಮೇಣ ಸವರಿ ಕೂರಿಸಿದೆ. ಮೃಗಶಿರ ಮಳೆ ಹಿಡಿದ ವಾರ ಮೇಣ ಒರೆಸಿ ತೆಗೆದೆ, ತಾನಾಗಿಯೇ ಬಿಗಿಯಾಗಿ ಕೂತಿತ್ತು. ಅಂದಿನಿಂದ ಪ್ರತಿ ವರ್ಷವೂ ಇಷ್ಟೇ ಕೆಲಸ.