300 ಬಿಟ್ ವೇಗದಲ್ಲಿ ಕನ್ನಡ ಓದುವ ಸುಖ: ಒಂದು ವರ್ಷ ಬಳಸಿದ ಮೇಲೆ

ಈಗಿನ ಇಂಟರ್ನೆಟ್ ವೇಗವನ್ನು ಫೋನ್ ಲೈನಿನಲ್ಲೇ ಕಂಪ್ಯೂಟರ್‌ಗಳನ್ನು ಜೋಡಿಸುತ್ತಿದ್ದ ಹಳೆಯ ಡಯಲ್-ಅಪ್ ಮೋಡೆಮ್ ಲೆಕ್ಕಕ್ಕೆ ಬದಲಾಯಿಸುವ ಈ ಆಪ್ ನನ್ನ ಫೋನಿಗೆ ಬಂದು ಒಂದು ವರ್ಷ ದಾಟಿತು. ಅದರಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನು ನೀವು ನೋಡಿಯೇ ಇರುತ್ತೀರಿ. ನಾನು ಬರೆಯಲು ಕೂತಿದ್ದು ಅದರ ಒಂದು ಬಟನ್ ಬಗ್ಗೆ, ‘ಹರಿಸಿ ನೋಡಿ’.

ಮೊದಲ ವಾರ ನಾನೂ ‘ಎಷ್ಟು ಪಟ್ಟು’ ಅನ್ನುವ ಸಂಖ್ಯೆಯನ್ನೇ ನೋಡುತ್ತಿದ್ದೆ. 100 ಎಂಬಿಪಿಎಸ್ (ಸೆಕೆಂಡಿಗೆ 10 ಕೋಟಿ ಬಿಟ್) ಅಂದರೆ 56ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಮೋಡೆಮ್‌ನ ಸುಮಾರು 1,786 ಪಟ್ಟು. 1960ರ ದಶಕದ, ಸೆಕೆಂಡಿಗೆ 300 ಬಿಟ್ ಕಳಿಸುತ್ತಿದ್ದ ಬೆಲ್ 103 ಮೋಡೆಮ್‌ಗೆ ಹೋಲಿಸಿದರೆ 3,33,333 ಪಟ್ಟು. ಅಬ್ಬಾ ಅನ್ನಿಸುತ್ತದೆ, ಮರುದಿನಕ್ಕೆ ಮರೆತೂ ಹೋಗುತ್ತದೆ. ಸಮಯದ ಲೆಕ್ಕ ಸ್ವಲ್ಪ ಜಾಸ್ತಿ ನಾಟುತ್ತದೆ. 5 ಎಂಬಿಯ ಒಂದು ಫೋಟೊ 56ಕೆಯಲ್ಲಿ ಬರಲು ಹೆಚ್ಚುಕಡಿಮೆ 12 ನಿಮಿಷ ಬೇಕು. 1 ಜಿಬಿಗೆ ಸುಮಾರು 40 ಗಂಟೆ. ಅದೂ ಲೈನು ಪೂರ್ತಿ ವೇಗ ಕೊಟ್ಟರೆ ಮಾತ್ರ. ಮಧ್ಯದಲ್ಲಿ ಯಾರೋ ರಿಸೀವರ್ ಎತ್ತಿ ಕನೆಕ್ಷನ್ ಹೋದ ದಿನಗಳು ನನಗಿನ್ನೂ ನೆನಪಿವೆ.

‘ಹರಿಸಿ ನೋಡಿ’ಯ ಮಜವೇ ಬೇರೆ. ಯಾವುದಾದರೂ ಬರಹ ಅಂಟಿಸಿ ಒಂದು ಮೋಡೆಮ್ ಆರಿಸಿಕೊಂಡರೆ ಸಾಕು, ಅಕ್ಷರಗಳು ಅದೇ ವೇಗದಲ್ಲಿ ಬರತೊಡಗುತ್ತವೆ. 300 ಬಿಟ್‌ನಲ್ಲಿ ಸೆಕೆಂಡಿಗೆ 30 ಇಂಗ್ಲಿಷ್ ಅಕ್ಷರ. ಸ್ವಲ್ಪ ಚುರುಕಾಗಿ ಓದುವವರಿಗೆ ಹೇಳಿ ಮಾಡಿಸಿದ ವೇಗ. ಕನ್ನಡ ಹಾಕಿದೆ ನೋಡಿ, ಆಗ ಕತೆಯೇ ಬದಲಾಯಿತು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಪ್ರತಿಯೊಂದಕ್ಕೂ ಮೂರು ಮೂರು ಬೈಟ್. ‘ಕನ್ನಡ’ ಅನ್ನುವ ಪದಕ್ಕೆ 15 ಬೈಟ್, ಅಂದರೆ ಅರ್ಧ ಸೆಕೆಂಡ್. ಮೊದಲು ‘ಕ’ ಬರುತ್ತದೆ, ಆಮೇಲೆ ‘ನ’. ಅದು ಮಿಂಚಿದಂತೆ ‘ನ್’ ಆಗುತ್ತದೆ. ಅಷ್ಟರಲ್ಲಿ ಇನ್ನೊಂದು ‘ನ’ ಬಂದು ಅದರ ಕೆಳಗೆ ಒತ್ತಾಗಿ ಕೂರುತ್ತದೆ. ಇಷ್ಟು ವರ್ಷ ಕನ್ನಡ ಓದಿದ್ದೇನೆ, ಒತ್ತಕ್ಷರ ಹೀಗೆ ಕಣ್ಣೆದುರೇ ಕೂಡಿಕೊಳ್ಳುವುದನ್ನು ನೋಡಿರಲಿಲ್ಲ. ಬೆಲ್ 103ರ ಕಾಲದಲ್ಲಿ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಎಲ್ಲಿತ್ತು ಅಂತ ನೀವು ಕೇಳಬಹುದು. ಇರಲಿಲ್ಲ, ಯುಟಿಎಫ್-8 ಹುಟ್ಟಿದ್ದೇ 1992ರಲ್ಲಿ. ಆದರೂ ನೋಡಲು ಚೆಂದ.

ಹಾಗಾಗಿ ಇದೊಂದು ಅಭ್ಯಾಸವಾಗಿಬಿಟ್ಟಿದೆ. ರಾತ್ರಿ ದೀಪ ಆರಿಸಿದ ಮೇಲೆ, ಆ ದಿನ ಬಂದ ಮೆಸೇಜುಗಳಲ್ಲಿ ಒಂದನ್ನು ಕಾಪಿ ಮಾಡಿ ಇದಕ್ಕೆ ಅಂಟಿಸುತ್ತೇನೆ. ಫೋನನ್ನು ದಿಂಬಿಗೆ ಒರಗಿಸಿ, 300ಕ್ಕೆ ಇಟ್ಟು, ಸುಮ್ನೆ ನೋಡುತ್ತಾ ಮಲಗುತ್ತೇನೆ. ಹಗಲಲ್ಲಿ ಹಾಗೇ ಕಣ್ಣಾಡಿಸಿ ಬಿಟ್ಟಿದ್ದ ಅಕ್ಕನ ಮೆಸೇಜನ್ನು ಆಗ ಒಂದೊಂದೇ ಅಕ್ಷರವಾಗಿ ಪೂರ್ತಿ ಓದುತ್ತೇನೆ.

ಮೂರನೇ ತಿಂಗಳಲ್ಲಿ ಬೇಜಾರು ಶುರುವಾಯಿತು. ಒಂದು ದಿನ ಸರಿಯಾಗಿ 300 ಇಂಗ್ಲಿಷ್ ಅಕ್ಷರ ಹಾಕಿ ಸ್ಟಾಪ್‌ವಾಚ್ ಹಿಡಿದೆ. 10 ಸೆಕೆಂಡ್ ಆಗಬೇಕಿತ್ತು, ಎಂಟಕ್ಕೇ ಮುಗಿಯಿತು. ಕಾರಣ ಸುಲಭ. ಒಂದು ಬೈಟಿಗೆ 8 ಬಿಟ್ ಅಂತ ಆಪ್ 300ನ್ನು 8ರಿಂದ ಭಾಗಿಸುತ್ತಿತ್ತು. ಆ ಮೋಡೆಮ್‌ಗಳಲ್ಲಿ ಒಂದು ಅಕ್ಷರಕ್ಕೆ ಮುಂದೊಂದು ಸ್ಟಾರ್ಟ್ ಬಿಟ್, ಹಿಂದೊಂದು ಸ್ಟಾಪ್ ಬಿಟ್ ಸೇರಿ ಸಾಮಾನ್ಯವಾಗಿ 10 ಬಿಟ್ ಹೋಗುತ್ತಿದ್ದವು. ಎರಡು ಸೆಕೆಂಡ್ ಏನು ಮಹಾ ಅನ್ನಬೇಡಿ. ವೇಗವನ್ನು ಅನುಭವಿಸಲೆಂದೇ ಇರುವ ಬಟನ್‌ನಲ್ಲಿ ವೇಗವೇ ತಪ್ಪಿದರೆ ಉಳಿದಿದ್ದೇನು? ಇಷ್ಟು ದಿನ ನಾನು ನೋಡಿದ್ದು ಯಾವತ್ತೂ ಇರದ ಒಂದು ಮೋಡೆಮ್ ಅನ್ನಿಸಿ ತುಂಬಾ ಬೇಸರವಾಯಿತು. ಆಪ್ ಮಾಡಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಅಲ್ಲಿಂದ ಎರಡು ತಿಂಗಳು ಆಪ್ ತೆರೆಯಲೇ ಇಲ್ಲ.

ಆಮೇಲೆ ಒಂದು ಅಪ್‌ಡೇಟ್‌ನಲ್ಲಿ ಸದ್ದಿಲ್ಲದೆ ಸರಿಮಾಡಿದ್ದಾರೆ. ನನಗೆ ಖುಷಿಯಾಗಿದ್ದು ಇನ್ನೊಂದಕ್ಕೆ. ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ 10 ಹಾಕಿಲ್ಲ. ವಿ.42 ಅನ್ನುವ ದೋಷ ತಿದ್ದುವ ಪದ್ಧತಿ ಬಂದ ಮೇಲೆ ಮೋಡೆಮ್‌ಗಳು ತಮ್ಮ ನಡುವೆ ಆ ಎರಡು ಬಿಟ್ ಕಳಿಸುವುದನ್ನು ಕೈಬಿಟ್ಟವು. ಅದಕ್ಕೇ 56ಕೆಗೆ 8ರ ಲೆಕ್ಕವನ್ನೇ ಇಟ್ಟಿದ್ದಾರೆ. ಗೊತ್ತಿರುವವರು ಮಾಡಿದ ಕೆಲಸ ಅದು.

ಒಂದು ತಪ್ಪು ಮಾತ್ರ ಹಾಗೇ ಇದೆ. 2400ರ ಮೋಡೆಮ್‌ಗೆ ಈಗಲೂ ‘2400 ಬಾಡ್’ ಅಂತಲೇ ಹೆಸರು. ಲೈನಿನ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದೇ ಬಾಡ್. ಬೆಲ್ 103ರಲ್ಲಿ ಒಂದು ಬದಲಾವಣೆಗೆ ಒಂದೇ ಬಿಟ್, ಹಾಗಾಗಿ ಅಲ್ಲಿ ಎರಡೂ 300. 2400ರ ಮೋಡೆಮ್‌ಗಳ ಪದ್ಧತಿಯಾದ ವಿ.22ಬಿಸ್ ಒಂದೊಂದು ಬದಲಾವಣೆಯಲ್ಲಿ ನಾಲ್ಕು ಬಿಟ್ ಕಳಿಸುತ್ತಿತ್ತು. 600 ಬಾಡ್‌ನಲ್ಲೇ 2400 ಬಿಟ್! ಆ ಜಾಣತನವೇ ಮೋಡೆಮ್‌ಗಳ ಇಡೀ ಕತೆ, ಅಲ್ವಾ? ಆ ಹೆಸರಿನಿಂದ ಅದೇ ಮುಚ್ಚಿಹೋಗುತ್ತದೆ. ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಇದಕ್ಕೆ.

ಜಾಹೀರಾತು ತೆಗೆಸಲು ತಿಂಗಳ ಚಂದಾ ಕೇಳುತ್ತಾರೆ. ತಿಂಗಳ ಚಂದಾ ನಾನು ಯಾವ ಆಪ್‌ಗೂ ಕಟ್ಟುವುದಿಲ್ಲ, ಒಂದೇ ಸಲದ ಬೆಲೆ ಇಟ್ಟರೆ ಇವತ್ತೇ ಕೊಡುತ್ತೇನೆ. ಅಕ್ಷರ ಹರಿಯುವಾಗ ಜಾಹೀರಾತು ಬರಲ್ಲ, ಆದ್ದರಿಂದ ನನಗೆ ತೊಂದರೆಯಿಲ್ಲ.

ನಿನ್ನೆ ರಾತ್ರಿ ಹಾಕಿದ್ದು ಅಕ್ಕನ ಒಂದೇ ಪದದ ಮೆಸೇಜು, ‘ತಲುಪಿದ್ಯಾ?’. 28 ಬೈಟ್. ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ. ಕೊನೆಯಲ್ಲಿ ಪ್ರಶ್ನೆಚಿಹ್ನೆ ಬರುವವರೆಗೂ ಕಾದೆ.